ಮಂಗಳತ್ತೆ ಹಿಮ ನೋಡಲು ಹೋದದ್ದು

ಕಳೆದ ತಿಂಗಳು ನಮ್ಮ ಮನೆಗೆ ಕಪಾಟು ಮಾಡಲು ಬಂದ ಬಡಗಿ ಪೈನ್ ಹಲಗೆಯೊಂದನ್ನು ಹೆರೆಯತೊಡಗಿದ. ಸುರುಳಿ ಸುರುಳಿಯಾಗಿ ಹೊಟ್ಟು ಬಿದ್ದಂತೆಲ್ಲ ರಾಳದ ವಾಸನೆ ಮನೆ ತುಂಬಿತು. ನನಗೆ ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಒಳಗೂ ಹೊರಗೂ ಓಡಾಡಿದೆ. ನಿಮಗೂ ಹೀಗಾಗಿರಬಹುದು, ವಾಸನೆಯೊಂದು ಬಂದು ಕೈಹಿಡಿದು ಎಳೆಯುತ್ತದೆ, ಆದರೆ ಅದು ಕರೆದೊಯ್ಯುವ ಮನೆ ಈಗ ಇರುವುದಿಲ್ಲ. ನಂಜನಗೂಡಿನಲ್ಲಿ ಕಪಿಲೆಯ ಕಡೆಗೆ ಇಳಿಯುವ ಒಂದು ಬೀದಿಯಲ್ಲಿ ನಮ್ಮ ಮನೆಯಿತ್ತು. ಈಗ ಅಲ್ಲಿ ಮೊಬೈಲು ಅಂಗಡಿಗಳ ಸಾಲಿದೆ. ಅಪ್ಪ ಹಣ್ಣಿನ ವ್ಯಾಪಾರಿ. ಮಳೆಗಾಲ ಕಳೆಯುತ್ತಿದ್ದ ಹಾಗೆ ಉತ್ತರದ ಬೆಟ್ಟಗಳ ಸೇಬಿನ ಪೆಟ್ಟಿಗೆಗಳು ಮೈಸೂರಿನ ಮಂಡಿಯಿಂದ ಬಂದು ನಡುಮನೆಯಲ್ಲಿ ಸಾಲಾಗಿ ಕೂರುತ್ತಿದ್ದವು. ಆ ಪೆಟ್ಟಿಗೆಗಳ ಹಲಗೆಯಿಂದ ಬರುತ್ತಿದ್ದ ವಾಸನೆಯೇ ಇದು. ಮೊಳೆ ಕಿತ್ತು ಮುಚ್ಚಳ ತೆಗೆದರೆ ಹಣ್ಣುಗಳ ನಡುವೆ ಒಣಗಿದ, ಕಂದು ಬಣ್ಣದ, ಸೂಜಿಯಂಥ ಎಲೆಗಳು ಸಿಗುತ್ತಿದ್ದವು. ನಾವು ಮಕ್ಕಳು ಹಣ್ಣಿಗೆ ಕೈಹಾಕಿದರೆ ಅಪ್ಪನ ತಂಗಿ ಮಂಗಳತ್ತೆ ಆ ಎಲೆಗಳಿಗೆ ಕೈಹಾಕುತ್ತಿದ್ದಳು. "ಸೂಚಿಪರ್ಣ ಕಾಡೇ ನಮ್ಮನೆಗೆ ಬಂದದೆ ನೋಡು" ಎಂದು ನನ್ನ ಮೂಗಿಗೆ ಹಿಡಿಯುತ್ತಿದ್ದಳು.

ಮಂಗಳತ್ತೆ ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಹೇಳುತ್ತಿದ್ದಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುವಳು. ಹೆಮ್ಮರಗಾಲದ ಕಡೆ ಮದುವೆ ಮಾಡಿಕೊಟ್ಟಿದ್ದರಂತೆ, ಕೆಲವೇ ತಿಂಗಳಲ್ಲಿ ಟ್ರಂಕು ಸಮೇತ ತಿರುಗಿ ಬಂದಳಂತೆ. ಕಾರಣವನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ನನಗೆ ನೆನಪಿರುವ ಅತ್ತೆ ನಿಂತೇ ಊಟ ಮಾಡುವವಳು, ಓದುವಾಗ ಹಿತ್ತಲಿನ ಉದ್ದಕ್ಕೂ ನಡೆಯುವವಳು, ಕಿಟಕಿ ಮುಚ್ಚಿದ್ದರೆ ತೆರೆಯುವವಳು, ತೆರೆದಿದ್ದರೆ ಎದ್ದುಹೋಗಿ ಬಾಗಿಲಲ್ಲಿ ನಿಲ್ಲುವವಳು. ಭಾನುವಾರ ಬಂದರೆ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಪ್ರಪಂಚದ ಭೂಪಟ ಬಿಡಿಸಿ, ಬೀದಿಯ ಮಕ್ಕಳನ್ನೆಲ್ಲ ಅದರೊಳಗೆ ನಿಲ್ಲಿಸುವಳು. ಸಮಭಾಜಕದ ಕಾಡಿನಲ್ಲಿ ನಿಂತವರ ಮೇಲೆ ಚೊಂಬಿನಿಂದ ನೀರು ಚಿಮುಕಿಸುವಳು, ಅಲ್ಲಿ ದಿನಾ ಮಧ್ಯಾಹ್ನ ಮಳೆಯಂತೆ. ಸವನ್ನಾದವರು ಆಳೆತ್ತರದ ಹುಲ್ಲಿನಲ್ಲಿ ಬಗ್ಗಿ ನಡೆಯಬೇಕು. ಟಂಡ್ರಾಕ್ಕೆ ಯಾರೂ ಒಪ್ಪುತ್ತಿರಲಿಲ್ಲ, ಅಲ್ಲಿ ಪಾಚಿ ಬಿಟ್ಟರೆ ಏನೂ ಬೆಳೆಯುವುದಿಲ್ಲ ಎಂದು ಅವಳೇ ಹೇಳಿ ಹೆದರಿಸಿದ್ದಳು. ಅಜ್ಜಿ ಹಣೆಯ ವಿಭೂತಿ ಸರಿಮಾಡಿಕೊಳ್ಳುತ್ತ ಜಗುಲಿಯಲ್ಲಿ ಕೂತು, ಮದುವೆ ಮುರಿದ ಹೆಣ್ಣು ಹೀಗೆ ಬೀದಿ ಮಕ್ಕಳ ಜೊತೆ ಕುಣಿಯಬಾರದೆಂದು ಗೊಣಗುವಳು.

ಒಂದು ಸಲ ಅತ್ತೆ ತನ್ನ ಶಾಲೆಯ ಮಕ್ಕಳನ್ನು ತಲಕಾಡಿಗೆ ಕರೆದೊಯ್ದಾಗ ನನ್ನನ್ನೂ ಜೊತೆಗೆ ಕೂರಿಸಿಕೊಂಡಳು. ಬಿಸಿಲಿಗೆ ಮರಳು ಕಾದು, ನಾವೆಲ್ಲ ಅಂಗಾಲು ಎತ್ತಿ ಎತ್ತಿ ಹಾಕುತ್ತ ದಿಬ್ಬ ಹತ್ತಿದೆವು. ಹುಡುಗರು ಮರುಭೂಮಿ ಮರುಭೂಮಿ ಎಂದು ಕೂಗಿದಾಗ ಅತ್ತೆ ಎಲ್ಲರನ್ನೂ ಮರದ ನೆರಳಿಗೆ ಕರೆದು, ಮರಳಿದ್ದ ಮಾತ್ರಕ್ಕೆ ಮರುಭೂಮಿಯಾಗುವುದಿಲ್ಲ, ಮಳೆ ಇಲ್ಲದಿದ್ದರೆ ಆಗುತ್ತದೆ, ಇಲ್ಲಿ ಮಳೆಯೂ ಇದೆ, ಪಕ್ಕದಲ್ಲಿ ಕಾವೇರಿಯೂ ಇದ್ದಾಳೆ ಎಂದು ವಿವರಿಸಿದಳು. ಆಗ ಹದಿನಾರು ಎಂಬ ಊರಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ಮಿಸ್, ನೀವು ನಿಜವಾದ ಮರುಭೂಮಿ ನೋಡಿದ್ದೀರಾ?"

ಇಲ್ಲ ಎಂದಳು ಅತ್ತೆ. ಹಿಮ ಬೀಳುವುದನ್ನು? ಅದನ್ನೂ ಇಲ್ಲ. ಹುಡುಗಿ ಕೂತಳು. ಅವಳ ಮನಸ್ಸಿನಲ್ಲಿ ಯಾವ ಕೊಂಕೂ ಇರಲಿಲ್ಲ. ಆದರೆ ಅತ್ತೆ ಆಮೇಲೆ ಪಾಠ ಮುಂದುವರಿಸಲಿಲ್ಲ. ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬಂದಳು.

ಮುಂದಿನ ವರ್ಷ ಹಿಮ ಬೀಳುವ ಉತ್ತರದ ಬೆಟ್ಟದೂರಿನ ಒಂದು ವಸತಿ ಶಾಲೆಯಲ್ಲಿ ಅವಳಿಗೆ ಭೂಗೋಳದ ಟೀಚರ್ ಕೆಲಸ ಸಿಕ್ಕಿತು. ಅರ್ಜಿ ಹಾಕಿದ್ದೇ ನಮಗೆ ಗೊತ್ತಿರಲಿಲ್ಲ. ಮನೆಯಲ್ಲಿ ವಾರಗಟ್ಟಲೆ ನೆಮ್ಮದಿ ಇಲ್ಲದಂತಾಯಿತು. ಅಜ್ಜಿ ಊಟ ಬಿಟ್ಟಳು. ಮಠದ ಸ್ವಾಮಿಗಳಿಂದ ಬುದ್ಧಿ ಹೇಳಿಸಬೇಕೆಂದಳು. ಕೊನೆಗೆ ಒಂದು ಸಂಜೆ ಅಡುಗೆಮನೆಯಲ್ಲಿ ಮಗಳ ಕೈ ಹಿಡಿದುಕೊಂಡು ಕೇಳಿದಳು. "ಇಲ್ಲಿ ಏನು ಕಮ್ಮಿ ಅದೆ ನಿಂಗೆ?"

"ಏನೂ ಕಮ್ಮಿ ಇಲ್ಲ ಕಣವ್ವ. ನೋಡ್ದೆ ಇರೋದ್ನ ನೋಡ್ದಂಗೆ ಇನ್ನೆಷ್ಟು ವರ್ಷ ಮಕ್ಕಳ್ಗೆ ಏಳ್ಲಿ?"

ಅಪ್ಪ ಆ ಕಡೆಯೂ ಮಾತಾಡಲಿಲ್ಲ, ಈ ಕಡೆಯೂ ಮಾತಾಡಲಿಲ್ಲ. ಹೊರಡುವ ದಿನ ತಾನೇ ಅವಳ ಟ್ರಂಕು ಎತ್ತಿ ಆಟೋದಲ್ಲಿಟ್ಟ.

ಅತ್ತೆ ಹೋದ ಮೇಲೆ ಮನೆಯೇ ಒಂದು ಬಗೆಯಲ್ಲಿ ತಡಕಾಡತೊಡಗಿತು. ಸಂಜೆ ನರಸೀಪುರದ ಬಸ್ಸು ಬರುವ ಹೊತ್ತಿಗೆ ಅಜ್ಜಿ ಬಾಗಿಲಿಗೆ ಹೋಗಿ ಬರುವಳು. ಭಾನುವಾರ ಎಲ್ಲರೂ ಎಸ್‌ಟಿಡಿ ಬೂತಿಗೆ ಹೋಗುತ್ತಿದ್ದೆವು. ಮೊದಮೊದಲು ಅಜ್ಜಿ ಫೋನು ಮುಟ್ಟುತ್ತಿರಲಿಲ್ಲ. ಆಮೇಲೆ ಮುಟ್ಟಿದಳು, ಮುಟ್ಟಿದವಳು ಮಗಳ ಆರೋಗ್ಯವನ್ನಲ್ಲ, ಮರಗಳನ್ನು ವಿಚಾರಿಸಿದಳು. ಇಷ್ಟು ಚಳಿಗೆ ಮರದಲ್ಲಿ ಎಲೆ ಉಳಿದುಕೊಂಡಿವೆಯಾ ಎಂದು. ಅತ್ತೆ ಏನು ಹೇಳಿದಳೋ, ಅಜ್ಜಿ ಬೀದಿಯ ಹೆಂಗಸರನ್ನು ಕೂರಿಸಿಕೊಂಡು ಹೇಳುವಳು. "ಅಲ್ಲಿ ಮರ ಗೋಪುರದಂಗೆ ಇರ್ತವಂತೆ. ಹಿಮ ಬಿದ್ರೂ ಜಾರ್ಕಂಡು ಓಯ್ತದಂತೆ, ಕೊಂಬೆ ಮುರಿಯಲ್ವಂತೆ."

ಒಂದು ರಜೆಯಲ್ಲಿ ಅತ್ತೆ ಬಂದಿದ್ದಳು. ಕೆನ್ನೆ ಒಡೆದು ಕಪ್ಪಾಗಿತ್ತು. ಸೆಕೆ ತಾಳಲಾರದೆ ಹೊತ್ತು ಮುಳುಗುವ ತನಕ ಹೊಳೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂರುವಳು. ಅಲ್ಲಿದ್ದರೆ ಈ ಹೊಳೆ ನೆನಪಾಗುತ್ತದೆ, ಇಲ್ಲಿಗೆ ಬಂದರೆ ಆ ಚಳಿ ಬೇಕೆನಿಸುತ್ತದೆ ಎಂದು ನನ್ನೊಬ್ಬಳಿಗೆ ಹೇಳಿದಳು. ಹಾಗಾದರೆ ಇಲ್ಲೇ ಇದ್ದುಬಿಡು ಎಂದೆ. ನಕ್ಕಳು. ರಜೆ ಮುಗಿಯುವ ಮೊದಲೇ ಹೊರಟಳು.

ಹೊಸ ಶತಮಾನ ಶುರುವಾಗಿ ಕೆಲವು ವರ್ಷ ಕಳೆದಿತ್ತು. ಒಂದು ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ, ಜ್ವರ ಏರಿ, ದಾರಿಯಲ್ಲಿ ಹಿಮ ತುಂಬಿ ಆಸ್ಪತ್ರೆ ತಲುಪುವುದು ತಡವಾಗಿ ಅತ್ತೆ ಹೋಗಿಬಿಟ್ಟಳು. ಅವಳ ಜೊತೆಯ ಟೀಚರೊಬ್ಬರು ಫೋನು ಮಾಡಿ, ಸುಡುವುದೇ ಎಂದು ಕೇಳಿದರು. ನಮ್ಮಲ್ಲಿ ಮಣ್ಣು ಮಾಡುತ್ತೇವೆ, ನಾನು ಬರುವ ತನಕ ಇಟ್ಟಿರಿ ಎಂದ ಅಪ್ಪ. ಬೆಂಗಳೂರಿನಾಚೆ ಕಾಲಿಟ್ಟವನಲ್ಲ. ಒದ್ದೆ ಬಟ್ಟೆಯಲ್ಲಿ ಬಿಲ್ವಪತ್ರೆ ಸುತ್ತಿಕೊಂಡು ಒಬ್ಬನೇ ರೈಲು ಹತ್ತಿದ. ಅಲ್ಲಿ ತಲುಪುವಷ್ಟರಲ್ಲಿ ಎಲೆ ಕಪ್ಪಾಗಿದ್ದವಂತೆ. ಹೆಪ್ಪುಗಟ್ಟಿದ ನೆಲ ಅಗೆಯಲು ಶಾಲೆಯ ದೊಡ್ಡ ಹುಡುಗರು ಹಾರೆ ಹಿಡಿದರಂತೆ. ಇಷ್ಟನ್ನು ಅಪ್ಪ ಅಮ್ಮನಿಗೆ ಮೆಲ್ಲಗೆ ಹೇಳಿದ್ದು, ನಾನು ಕೇಳಿಸಿಕೊಂಡದ್ದು.

ಅಜ್ಜಿ ಮಗಳ ಕೊನೆಯ ವಿಷಯ ಏನೂ ಕೇಳಲಿಲ್ಲ. ಅಪ್ಪ ಸ್ನಾನ ಮಾಡಿ ಬಂದು ಕೂತಾಗ, ದಾರಿಯಲ್ಲಿ ಏನೇನು ಮರ ಕಂಡೆ, ಅದನ್ನು ಹೇಳು ಎಂದಳು. ದಿನಕ್ಕೆ ನಾಲ್ಕು ಮಾತಾಡದ ಅಪ್ಪ ಅಂದು ದೀಪ ಹಚ್ಚುವ ತನಕ ಹೇಳಿದ. ಬಯಲು ಶುರುವಾದದ್ದು, ಎಲ್ಲಿ ನೋಡಿದರೂ ಜಾಲಿ, ಆಮೇಲೆ ಹಸಿರು ಗೋಧಿ ಹೊಲ, ಸಾಸಿವೆಯ ಹಳದಿ, ಬೆಟ್ಟ ಏರುವಾಗ ಎಲೆ ಉದುರಿ ಬರಿದಾದ ಮರಗಳು, ಅದರ ಮೇಲೆ ಕರಿಹಸಿರು ಕಾಡು, ಅದಕ್ಕೂ ಮೇಲೆ ಬರೀ ಬಿಳುಪು. ಅಜ್ಜಿ ಕಣ್ಣುಮುಚ್ಚಿ ಕೇಳುತ್ತಿದ್ದಳು.

"ನಮ್ಮ ತೆಂಗು ಎಲ್ಲಿಗಂಟ ಇತ್ತು?" ಎಂದಳು.

"ನೋಡ್ತಾನೇ ಇದ್ದೆ ಕಣವ್ವ" ಎಂದ ಅಪ್ಪ. "ಒಂದು ಗಳಿಗೆ ಕಣ್ಣು ಅತ್ಕತು. ಎದ್ದು ನೋಡ್ತೀನಿ, ಇರ್ಲಿಲ್ಲ."