ಗಲಾಟೆ ಎಂಬ ತಲೆಬರಹ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ತಾಲೂಕಿನದೇ ಒಂದು ವಿಶ್ವಕೋಶ ತರಲು ನಾವು ನಾಲ್ವರು ಹೊರಟೆವು. ಚಳವಳಿಗಳ ಭಾಗ ನನ್ನ ಪಾಲಿಗೆ ಬಂತು. ಯಾರಿಗೆ ಬೇಸರವಾಗುತ್ತದೋ ಎಂದು ಮೊದಲೇ ಹೆದರುವವನು ನಾನು. ಆದರೂ ಹೆಗ್ಗದ್ದೆ ಕಡೆಯ ಎಸ್ಟೇಟಿನ ಕೂಲಿಯವರು ಕುಡಿಯುವ ನೀರಿಗಾಗಿ ತೋಟದ ಸ್ಟೋರಿನ ಮುಂದೆ ಕೂತದ್ದನ್ನು, ಎಲ್ಲರೂ ಹಾಗೇ ಅನ್ನುತ್ತಾರೆಂದು, ‘ಕೂಲಿಯವರ ಗಲಾಟೆ’ ಎಂದು ಬರೆದಿದ್ದೆ. ನಾವು ಕಾಫಿ ಬೆಳೆಗಾರರು ಆನೇಮಹಲ್ ಬಳಿ ಹೆದ್ದಾರಿಯಲ್ಲಿ ಲಾರಿಗಳನ್ನು ತಡೆದು ನಿಲ್ಲಿಸಿದ್ದು ಮಾತ್ರ ‘ಬೆಳೆಗಾರರ ಐತಿಹಾಸಿಕ ಹೋರಾಟ’. ಅದರಲ್ಲಿ ನನ್ನ ಪಾತ್ರ ಎರಡು ತಟ್ಟೆ ಉಪ್ಪಿಟ್ಟು ತಿಂದದ್ದು.

ವಿವರ ಕೇಳಲು ಕೂಲಿಯವರ ಸಾಲುಮನೆಗಳಿರುವ ಲೈನಿಗೆ ಹೋದಾಗ, ಅಂದು ಮುಂದಾಳಾಗಿದ್ದ ಹೆಂಗಸು ನನ್ನಿಂದಲೇ ತಲೆಬರಹ ಓದಿಸಿ ಕೇಳಿದರು.

“ಗಲಾಟೆ ಯಾರು ಮಾಡಿದ್ರು ಸಾಮಿ? ಸುಮ್ನೆ ಕೂತ್ಕಂಡಿದ್ವಿ. ಗಲಾಟೆಯೋಳು ಅಂತ ಇವತ್ತಿಗೂ ಪಕ್ಕದ ತೋಟದಾಗೆ ಹಾಜರಿ ಬರೆಯೋ ರೈಟರ್ ನನ್ನ ಕೆಲಸಕ್ಕೆ ಸೇರಿಸ್ಕಳಲ್ಲ. ನೀವೂ ಅಚ್ಚು ಹಾಕ್ಬುಟ್ರೆ ಮುಗೀತು.”

“ಮತ್ತೆ ಏನಂತ ಬರೀಲಿ?”

“ಮಾಡಿದ್ದನ್ನ ಬರೀರಿ. ಓದಿರೋರು ನೀವು, ನನ್ನ ಕೇಳ್ತೀರಲ್ಲ!”

ಮುಂದಿನ ಸಭೆಯಲ್ಲಿ ಅದನ್ನೇ ನಿಯಮ ಮಾಡೋಣವೆಂದೆ. ಮೊದಲು ಯಾರು, ಆಮೇಲೆ ಅವರು ಮಾಡಿದ್ದೇನು. ಹೊಗಳಿಕೆಯೂ ಬೇಡ, ಬೈಗುಳವೂ ಬೇಡ. ಆಕೆಯದು ‘ಕೂಲಿಯವರ ಧರಣಿ’ ಆಯಿತು. ನನಗೆ ನಿರಾಳವಾಗುವಷ್ಟರಲ್ಲಿ ಸಂಪಾದಕರು, “ಹಂಗಾದ್ರೆ ನಿಮ್ಮದೂ ಬದಲಾಗ್ಬೇಕಲ್ಲ ಮಾರಾಯ್ರೇ” ಎಂದು, ನಮ್ಮ ಇತಿಹಾಸವನ್ನು ಹೊಡೆದುಹಾಕಿ ‘ಬೆಳೆಗಾರರ ರಸ್ತೆ ತಡೆ’ ಎಂದು ಬರೆದರು.

ಪುಸ್ತಕ ಬಂದ ಮೇಲೆ ಆಕೆ ಆ ಪುಟವನ್ನು ಪಕ್ಕದ ತೋಟದ ರೈಟರ್ ಕೈಯಲ್ಲೇ ಓದಿಸಿದರಂತೆ. ಕೆಲಸವೂ ಸಿಕ್ಕಿತಂತೆ. ನನ್ನ ಬೆಳೆಗಾರ ನೆಂಟರು ಮಾತ್ರ ಆ ವರ್ಷ ಮದುವೆ ಮನೆಗಳಲ್ಲಿ ನನ್ನನ್ನು ನೋಡಿಯೂ ನೋಡದಂತೆ ಹೋದರು.