ಜಂಬುಲಿಂಗಪ್ಪನವರ ಕೈಪಾಠ

ಚಳ್ಳಕೆರೆಯ ದವಾಖಾನೆಯ ಡಾಕ್ಟರು ಜಂಬುಲಿಂಗಪ್ಪನವರ ಬಲಗೈ ಒಂದು ದಿನ ಬೆಳಗ್ಗೆ ಹಿತ್ತಾಳೆ ಬಿಂದಿಗೆಯೊಳಗೆ ಸಿಕ್ಕಿಹಾಕಿಕೊಂಡಿತು. ಹೊರಗೆ ಜಗಲಿಯ ಮೇಲೆ ಕೆಮ್ಮು, ಕಜ್ಜಿ, ಚಳಿಜ್ವರ ಎಲ್ಲವೂ ಸಾಲಾಗಿ ಕೂತು ಕಾಯುತ್ತಿದ್ದವು. ಒಳಗೆ ಡಾಕ್ಟರು ಬಿಂದಿಗೆಯನ್ನು ಕಾಲಿನಿಂದ ಒತ್ತಿಹಿಡಿದು ಕೈ ಎಳೆಯುತ್ತಿದ್ದರು. ಕೈ ಹೋದಲ್ಲಿಗೆ ಬಿಂದಿಗೆಯೂ ಹೋಗುತ್ತಿತ್ತು.

“ಕಂಚುಗಾರರನ್ನ ಕರೆಸ್ಲೇನ್ರೀ?” ಎಂದರು ಹೆಂಡತಿ ಜಗದಾಂಬ.

“ಬ್ಯಾಡ, ಊರಿಗೆಲ್ಲ ಗೊತ್ತಾಗ್ತೈತೆ,” ಎಂದು ಅವರು ತಿರುಗುವಷ್ಟರಲ್ಲಿ ಬಿಂದಿಗೆ ಬಾಗಿಲಿಗೆ ಬಡಿದು ಢಣ್ ಎಂದಿತು. ಊರಿಗೆಲ್ಲ ಗೊತ್ತಾಯಿತು.

ಆ ಬಿಂದಿಗೆಯೊಳಗೆ ಜಗದಾಂಬ ಹಳೇ ಸೀರೆಯಲ್ಲಿ ಹೊಲಿದುಕೊಟ್ಟ ಒಂದು ಗೊಂಬೆಯಿತ್ತು. ಬಿಂದಿಗೆಯೇ ಬಸಿರು, ಗೊಂಬೆಯೇ ಕೂಸು. ಡಾಕ್ಟರು ಬೆಂಗಳೂರಿನಲ್ಲಿ ನಡೆಯುವ ಪ್ರಸೂತಿಶಾಸ್ತ್ರದ ಮೇಲ್ಪರೀಕ್ಷೆಗೆ ತಯಾರಾಗುತ್ತಿದ್ದರು. ಇದು ಸಾವಿರದ ಒಂಬೈನೂರ ಒಂಬತ್ತರ ಮಾತು. ಅಷ್ಟರಲ್ಲಿ ಅವರು ಎರಡು ಸಲ ಕೂತು ಎರಡು ಸಲವೂ ನಪಾಸಾಗಿದ್ದರು. ಮೂರನೆಯದೇ ಕೊನೆಯದು, ಆಮೇಲೆ ಕೂರಲು ಕಾಯಿದೆ ಬಿಡುತ್ತಿರಲಿಲ್ಲ.

ಓದಿನಲ್ಲಿ ಕೊರತೆಯಿರಲಿಲ್ಲ. ಪುಸ್ತಕ ಇಡೀ ಬಾಯಿಪಾಠ. ತೊಂದರೆಯಿದ್ದದ್ದೂ ಆ ಬಾಯಲ್ಲೇ. ಪರೀಕ್ಷಕರು ಚೀಲವೊಂದರಲ್ಲಿ ಗೊಂಬೆಯಿಟ್ಟು, “ನೋಡದೆ ಮುಟ್ಟಿ ಹೇಳಿ, ಕೈಗೆ ಸಿಕ್ಕಿದ್ದು ಏನು?” ಎಂದರೆ, ಜಂಬುಲಿಂಗಪ್ಪ ಮುಟ್ಟುವ ಮೊದಲೇ ಮೂರು ಪುಟ ಒಪ್ಪಿಸಿಬಿಡುತ್ತಿದ್ದರು. ಎರಡು ಸಲವೂ ಹಿಮ್ಮಡಿಯನ್ನು ಮೊಣಕೈ ಎಂದಿದ್ದರು. ಕೈಗೆ ರೂಢಿಯಾಗಲು ಹೆರಿಗೆ ಮಾಡಿಸಬೇಕು. ಗಂಡಸು ಡಾಕ್ಟರನ್ನು ಬಾಣಂತಿಕೋಣೆಗೆ ಬಿಡುವ ಮನೆ ಆ ಸೀಮೆಯಲ್ಲೇ ಇರಲಿಲ್ಲ. ಅವರ ತಂದೆ, ಹತ್ತಿ ವ್ಯಾಪಾರದ ಮುರುಗೇಂದ್ರಪ್ಪನವರು, ಮಗ ಪಾಸಾಗಿಯೇ ಆಗುತ್ತಾನೆಂದು ದವಾಖಾನೆಯ ಪಕ್ಕದಲ್ಲಿ ಹೆರಿಗೆಕೋಣೆಯನ್ನೂ ಕಟ್ಟಿಸಿಕೊಟ್ಟಿದ್ದರು. ಅಲ್ಲಿ ಇದುವರೆಗೆ ಹೆತ್ತದ್ದು ಒಂದು ಬೆಕ್ಕು. ಮಗ ಈ ಸಲವೂ ಬಿದ್ದರೆ ಕೋಣೆಗೆ ಹತ್ತಿಮೂಟೆ ತುಂಬಿಸುತ್ತೇನೆಂದು ಅವರು ಬಜಾರಿನಲ್ಲೇ ಸಾರಿದ್ದರು.

ಢಣ್ ಸದ್ದಿಗೆ ಮೊದಲು ಒಳಗೆ ಬಂದವಳು ಸಿದ್ದಾಪುರದ ಸೂಲಗಿತ್ತಿ ಬೋರಕ್ಕ. ಸಂತೆಗೆ ಕಂಬಳಿ ಮಾರಲು ಬಂದವಳು, ಕಿವಿನೋವಿಗೆ ಔಷಧಿ ಕೇಳಲು ಜಗಲಿಯಲ್ಲಿ ಕೂತಿದ್ದಳು.

“ಒಳಗೇನು ಹಿಡ್ಕಂಡೀರಿ ಸಾಮಿ?”

“ಕೂಸಿನ ಕಾಲು.”

“ಬಿಡ್ರಿ ಅದನ್ನ.”

“ಬಿಟ್ರೆ ತಪ್ಪಿಸ್ಕಂತೈತೆ.”

“ಬಿಂದಿಗೆ ಒಳಗಿಂದ ಎಲ್ಲಿಗೋಗ್ತೈತೆ? ಬಿಡ್ರಿ ಅಂದ್ರೆ!”

ಡಾಕ್ಟರು ಮುಷ್ಟಿ ಸಡಿಲಿಸಿದರು. ಒಂದು ತೊಟ್ಟು ಹರಳೆಣ್ಣೆ ಬಿಟ್ಟದ್ದೇ ಕೈ ಸಲೀಸಾಗಿ ಹೊರಬಂತು. ಕೈಗಿಂತ ಮೊದಲು ಅವರ ಕಣ್ಣು ತೆರೆದಿತ್ತು.

“ಬೋರಕ್ಕ, ನನಗೂ ಒಂದಿಷ್ಟು ಕಲಿಸ್ತೀಯಾ?”

ಬೋರಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹೆಣ್ಮಕ್ಕಳ ತಾವ ನಿಮ್ಮನ್ನ ಬಿಟ್ರೆ ನನ್ನೂ ಊರೊಳಗೆ ಸೇರ್ಸಲ್ಲ. ನಮ್ಮಣ್ಣ ಕ್ಯಾತಪ್ಪಂದು ಕುರಿಹಿಂಡು ಐತೆ. ಈ ತಿಂಗ್ಳು ಈಯ್ತಾವೆ. ಬರಂಗಿದ್ರೆ ಬರ್ರಿ, ಕುರಿಗೆ ನಾಚ್ಕೆ ಇಲ್ಲ.”

ಹೀಗೆ ಗುರಿ ಬೆಂಗಳೂರಾದರೂ ದಾರಿ ಕುರಿಯ ಕಡೆಯಿಂದ ಹೋಯಿತು. ಡಾಕ್ಟರು ಒಂದು ತಿಂಗಳ ರಜೆ ಬರೆದುಕೊಟ್ಟು ಸಿದ್ದಾಪುರದ ಚಾವಡಿಯಲ್ಲಿ ಬಿಡಾರ ಹೂಡಿದರು. “ಎಲ್ಲವ್ನೆ ನನ್ನ ಮಗ?” ಎಂದ ಮಾವನಿಗೆ ಜಗದಾಂಬ, “ಗುರುಗಳ ಹತ್ರ ಓದಾಕೆ ಹೋಗವ್ರೆ,” ಎಂದರು. ಸುಳ್ಳೇನೂ ಆಡಲಿಲ್ಲ.

ಮೊದಲನೆಯ ದಿನ ಬಂಡೆಯ ನೆರಳಿನಲ್ಲಿ ಒಂದು ಕುರಿ ನೋವು ತಿನ್ನುತ್ತ ಮಲಗಿತ್ತು. ಡಾಕ್ಟರು ಕೋಟು ಬಿಚ್ಚಿ, ಕಾಸಿದ ನೀರು ತರಿಸಿ, ಕಾರ್ಬಾಲಿಕ್ ಸೋಪಿನಿಂದ ಮೊಣಕೈವರೆಗೆ ತೊಳೆಯತೊಡಗಿದರು.

“ನೋಡವ್ವ, ಹೆಣ್ಣು ನೋಡಾಕೆ ಹೊಂಟೋರಂಗೆ ತೊಳ್ಕಂತಾರೆ,” ಎಂದ ಕ್ಯಾತಪ್ಪ.

ತೊಳೆದವರು ಕುರಿಯ ಮುಂದೆ ಕೂತು ಇಂಗ್ಲಿಷಿನಲ್ಲಿ ಪುಸ್ತಕ ಶುರುಮಾಡಿದರು. ಕುರಿ ಎದ್ದು ಹೊರಟಿತು.

“ಅದಕ್ಕೆ ಇಂಗ್ಲೀಸು ಬರಲ್ಲ ಸಾಮಿ,” ಎಂದಳು ಬೋರಕ್ಕ. “ಬಾಯಿ ಮುಚ್ರಿ. ನಾನು ಎಲೆಅಡಿಕೆ ಹಾಕ್ಕಂತೀನಿ. ಅದು ಮುಗಿಯಗಂಟ ಯಾರೂ ಮುಟ್ಟಂಗಿಲ್ಲ.”

ಎಲೆಅಡಿಕೆ ಮುಗಿಯುವಷ್ಟರಲ್ಲಿ ಕುರಿ ತಾನಾಗಿಯೇ ಈದಿತ್ತು. ಮರಿ ಎದ್ದು ನಿಂತು, ಏನನ್ನೂ ಮಾಡದ ಡಾಕ್ಟರ ಮುಖ ನೋಡಿ ಬ್ಯಾ ಎಂದಿತು.

ಎರಡನೆಯ ವಾರ ಬೋರಕ್ಕ ಅವರ ಕಣ್ಣಿಗೆ ಬಟ್ಟೆ ಕಟ್ಟಿದಳು. ಮರಿ ಅಡ್ಡವಾಗಿದ್ದ ಕುರಿಗಳ ಬಳಿ ಮಾತ್ರ ಕೂರಿಸಿ, “ಯಾವ ಕಾಲು ಹೇಳ್ರಿ. ಮುಂದಿಂದೋ, ಹಿಂದಿಂದೋ?” ಎನ್ನುವಳು.

“ಮುಂದಿಂದು.”

“ಹಂಗಾದ್ರೆ ನಿಮ್ಮ ಮರಿ ಮೂತೀನ ಬಾಲದ ಕಡೆ ಇಟ್ಕಂಡೈತೆ! ಗಂಟು ಎತ್ತ ಮಡಚ್ತೈತೆ ನೋಡ್ರಿ. ಬಾಯಲ್ಲಲ್ಲ, ಬೆರಳಲ್ಲಿ.”

ಡಾಕ್ಟರು ಬೆರಳಿನಲ್ಲಿ ನೋಡಿದರು. ಆ ವಾರ ಐದು ಸಲ ತಪ್ಪಿದರು, ಮುಂದಿನ ವಾರ ಎರಡು ಸಲ. ತಿಂಗಳು ತುಂಬುವ ಹೊತ್ತಿಗೆ ಒಂದೂ ತಪ್ಪಲಿಲ್ಲ. ಹೊರಡುವ ದಿನ ಗುರುದಕ್ಷಿಣೆಗೆಂದು ಶಾಲು ಹಿಡಿದು ನಿಂತರೆ ಬೋರಕ್ಕ, “ಶಾಲು ನಾವೇ ನೇಯ್ತೀವಿ. ಆ ಸೋಪು ಕೊಟ್ಟೋಗ್ರಿ,” ಎಂದಳು. ಕಾಸಿದ ನೀರು, ಸೋಪು ಮುಟ್ಟದೆ ಅವಳು ಮುಂದೆ ಯಾವ ಮನೆಯಲ್ಲೂ ಹೆರಿಗೆಗೆ ಕೂರಲಿಲ್ಲ.

ಬೆಂಗಳೂರಿನಲ್ಲಿ ಮೇಜಿನ ಆಚೆ ಅದೇ ಹಿರಿಯ ಪರೀಕ್ಷಕರು, ಈಚೆ ಅದೇ ಚೀಲ. ಜಂಬುಲಿಂಗಪ್ಪನವರ ನಾಲಿಗೆಯ ತುದಿಗೆ ಮೂರು ಪುಟ ಬಂದು ನಿಂತವು. ಅವರು ಬಾಯಿ ಮುಚ್ಚಿದರು. ಕಣ್ಣನ್ನೂ ಮುಚ್ಚಿ ಕೈ ಇಳಿಸಿದರು. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಪರೀಕ್ಷಕರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

“ಕಾಲು,” ಎಂದರು ಜಂಬುಲಿಂಗಪ್ಪ. “ಹಿಮ್ಮಡಿ ಸಿಕ್ಕಿತು. ಎಡಗಾಲು.”

“ಈಗ ಏನು ಮಾಡುತ್ತೀರಿ?”

“ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದರೆ ಸುಮ್ಮನೆ ಕೂರುತ್ತೇನೆ. ಎಳೆಯುವುದಿಲ್ಲ.”

ಪರೀಕ್ಷಕರು ದಫ್ತರದಲ್ಲಿ ಶಾಯಿಯಿಂದ ‘ಪಾಸು’ ಎಂದು ಬರೆದು, ರುಜು ಹಾಕಿ, ಮುಚ್ಚಿಟ್ಟರು. ಅಷ್ಟು ಹೊತ್ತು ಇಂಗ್ಲಿಷಿನಲ್ಲಿದ್ದವರು ಈಗ ನಗುತ್ತ ಕನ್ನಡಕ್ಕೆ ಇಳಿದರು.

“ಹೋದ ಸಲ ನಿಮ್ಮ ಬಾಯಿ ಮಾತ್ರ ಓದಿಕೊಂಡು ಬಂದಿತ್ತು ಕಣ್ರೀ. ಈ ಸಲ ಕೈಯೂ ಓದಿದೆ. ಆಮೇಲೆ ಎಷ್ಟು ಹೆರಿಗೆ ಮಾಡಿಸಿದಿರಿ?”

“ಮೂವತ್ತೊಂದು, ಸಾರ್.”

“ಶಹಬ್ಬಾಸ್! ಆ ಸೀಮೆಯಲ್ಲಿ ಮೂವತ್ತೊಂದೇ! ತಾಯಂದಿರೆಲ್ಲ ಈಗ ಹೇಗಿದ್ದಾರೆ?”

ಪಾಸಾದ ಖುಷಿಗೆ ಜಂಬುಲಿಂಗಪ್ಪನವರ ಬಾಯಿ, ತಿಂಗಳಿಂದ ಕಟ್ಟಿಟ್ಟದ್ದು, ತಾನಾಗಿಯೇ ಬಿಚ್ಚಿಕೊಂಡಿತು.

“ಎಲ್ಲಾ ಚೆನ್ನಾಗವೆ ಸಾರ್. ಎರಡನ್ನ ಮಾತ್ರ ಹೋದ ವಾರ ಸಂತೇಲಿ ಮಾರಿದ್ರು.”