ಬಟ್ಟಲಲ್ಲಿ ಬಂದ ಹಳದಿ ಗುಳಿಗೆ

ಪುಟ್ಟಿ, ಅಪ್ಪಿ, ನಿಮಗೆ ಶಿಸ್ತು ಕಲಿಸುವ ಸಣ್ಣಜ್ಜಿ ಒಂದು ಕಾಲಕ್ಕೆ ಅಪ್ಪಟ ಹಳದಿಯಾಗಿದ್ದಳು ಎಂದರೆ ನಂಬುತ್ತೀರಾ? ನಿಮ್ಮ ಅಜ್ಜನ ತಂಗಿ ಅವಳು. ನಾನು ಮಂಚಿಕೇರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅವಳಿಗಿನ್ನೂ ಮದುವೆಯಾಗಿರಲಿಲ್ಲ.

ಆಗೆಲ್ಲ ಮಳೆ ಹಿಂದೆಗೆಯಿತೆಂದರೆ ಚಳಿಜ್ವರ ಶುರು. ಒಂದು ವರ್ಷ ಮುಂಬಯಿ ಕಡೆಯ ವೈದ್ಯಕೀಯ ಕಾಲೇಜಿನಿಂದ ಡಾಕ್ಟರರೊಬ್ಬರು ಸಂಶೋಧನೆಗೆಂದು ಬಂದು ಯಲ್ಲಾಪುರದಲ್ಲಿ ಬಿಡಾರ ಮಾಡಿದರು. ಹೊಸ ಗುಳಿಗೆ ಮೇಲೋ, ಹಳೆಯ ಕ್ವಿನೈನ್ ಮೇಲೋ ಎಂದು ನೋಡುವುದು ಅವರ ಕೆಲಸ. ಮಂಚಿಕೇರಿಯಲ್ಲಿ ದಾರಿಯ ಆಚೆ ಸಾಲಿನ ಮನೆಗಳಿಗೆಲ್ಲ ಹಳದಿ ಗುಳಿಗೆ, ನಮ್ಮ ಸಾಲಿಗೆ ಕ್ವಿನೈನ್ ಬಾಟಲಿ. ಜ್ವರ ಬಂದವರೂ ಬಾರದವರೂ ತೆಗೆದುಕೊಳ್ಳಬೇಕು.

"ಅವರದ್ದು ಇವರು ತಗೋಬ್ಯಾಡ್ರಿ. ಯಾವುದರಿಂದ ಗುಣ ಆತು ಅಂತ ನನಗ ತಿಳಿಯೂದಿಲ್ಲ" ಎಂದು ತಮ್ಮ ಹುಟ್ಟೂರಾದ ಧಾರವಾಡದ ಮಾತಿನಲ್ಲಿ ಕೈಮುಗಿದು ಹೇಳಿದರು. ಎಲ್ಲರೂ ತಲೆಯಾಡಿಸಿದೆವು.

ನನ್ನ ನಾದಿನಿಗೆ, ಅದೇ ನಿಮ್ಮ ಸಣ್ಣಜ್ಜಿಗೆ, ಕ್ವಿನೈನ್ ಕುಡಿದರೆ ವಾಂತಿ. ದೀಪಾವಳಿ ಕಳೆದ ಮೇಲೆ ಸಿದ್ದಾಪುರ ಕಡೆಯ ಗಂಡಿನವರು ನೋಡಲು ಬರುವವರಿದ್ದರು. ಇವಳೋ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಳು.

"ನಡುಗೋ ಕೂಸಿನ ಯಾರು ಒಪ್ತ?" ಎಂದು ಅತ್ತೆಗೆ ಒಂದೇ ಚಿಂತೆ.

ಎದುರು ಸಾಲಿನಲ್ಲಿ ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹೆಂಗಸಿಗೆ ಅತ್ತೆ ಒಂದು ಬಟ್ಟಲು ತಂಬುಳಿ ಕಳಿಸಿದರು. ಬಂದ ಪಾತ್ರೆಯನ್ನು ನಮ್ಮಲ್ಲಿ ಬರಿದಾಗಿ ತಿರುಗಿ ಕೊಡುವುದಿಲ್ಲವಲ್ಲ? ನಾದಿನಿಯ ಪಾಡು ಅರಿತಿದ್ದ ಅಕ್ಕ ಅದರಲ್ಲಿ ತನ್ನ ಪಾಲಿನ ಗುಳಿಗೆ ಹಾಕಿ ತಂದಳು.

"ಇದೆಂತದೇ?"

"ಮನೇಲಿ ಬೆಲ್ಲ ಇತ್ತಿಲ್ಲೆ ಅತ್ಗೆ. ಬರೀ ಬಟ್ಲು ಕೊಡ್ಲಾಗ್ತಾ?"

"ಕೊಡ್ಲಾಗ, ಕೊಡ್ಲಾಗ" ಎಂದರು ಅತ್ತೆ, ಬಹಳ ಗಂಭೀರವಾಗಿ.

ಅಂದಿನಿಂದ ತಂಬುಳಿ ದಿನವೂ ದಾರಿ ದಾಟಿತು. ನಾದಿನಿಯ ಕ್ವಿನೈನನ್ನು ಬಸಳೆ ಬಳ್ಳಿ ಕುಡಿಯಿತು.

ಜ್ವರವೇನೋ ಬಿಟ್ಟಿತು. ಆದರೆ ಆ ಗುಳಿಗೆ ನುಂಗುವ ಆಚೆ ಸಾಲಿನವರ ಹಾಗೆ ಅವಳ ಮೈಯೂ ಹಳದಿಗೆ ತಿರುಗಿತು. ಡಾಕ್ಟರರು ಬಂದವರು ದಿಟ್ಟಿಸಿ ನೋಡಿದರು.

"ಏನ್ರಿ ಅಮ್ಮಾ ಈ ಬಣ್ಣ?"

"ಅರಿಶಿನ ಹಚ್ಚಿದ್ದು. ಗಂಡಿನವು ಬತ್ತ" ಎಂದರು ಅತ್ತೆ.

ಡಾಕ್ಟರರು ಒದ್ದೆ ಹತ್ತಿಯಿಂದ ನಾದಿನಿಯ ಅಂಗೈ ಉಜ್ಜಿದರು. ಹತ್ತಿ ಬೆಳ್ಳಗೇ ಉಳಿಯಿತು.

"ಭಾಳ ಗಟ್ಟಿ ಅರಿಶಿನ" ಎಂದು ಹೊರಗೆ ನೋಡಿದರೆ, ಎದುರು ಜಗುಲಿಯಲ್ಲಿ ಅಕ್ಕ! ಹಳದಿ ಸಾಲಿನಲ್ಲಿ ಅವಳೊಬ್ಬಳೇ ಬಿಳಿ. ನಾನು ಬಾಗಿಲ ಹಿಂದೆ ಸೆರಗು ಕಚ್ಚಿ ನಗು ತಡೆದೆ.

"ಕ್ವಿನೈನ್ ಕುಡಿದ್ರೆ ವಾಂತಿ ಮಾಡ್ತು, ಎಂತ ಮಾಡವು?" ಎಂದು ಅತ್ತೆ ಕೊನೆಗೆ ಬಾಯಿ ಬಿಟ್ಟರು.

"ಅದನ್ನ ಮೊದಲ ಹೇಳಬೇಕಿತ್ತಲ್ರಿ! ಯಾರಿಗೆ ಔಷಧ ಒಗ್ಗೂದಿಲ್ಲ ಅನ್ನೂದೂ ನನಗ ಬೇಕು."

ಮುಂದೆ ನಾದಿನಿಗೆ ಅವರೇ ಗುಳಿಗೆ ಕೊಟ್ಟರು, ಅವಳನ್ನೂ ಅಕ್ಕನನ್ನೂ ತಮ್ಮ ಲೆಕ್ಕದಿಂದ ತೆಗೆದರು. ಅಷ್ಟೇ ಅಲ್ಲ, ಮನೆಮನೆಗೂ ಹೋಗಿ ಯಾರಿಗೆ ವಾಂತಿ ಎಂದು ಕೇಳತೊಡಗಿದರು. ಮುಂದಿನ ಸಲ ಬರುವಾಗ ಅಕ್ಕನಿಗೆ ಒಂದು ಅಚ್ಚು ಬೆಲ್ಲ ತಂದರು: "ಬಟ್ಟಲಿಗೆ ಇದನ್ನ ಹಾಕ್ರಿ."

ಗಂಡಿನವರು ಬಂದರು. "ಎಂತಾ ಬಂಗಾರದ ಬಣ್ಣ!" ಎಂದು ಗಂಡಿನ ತಾಯಿ ಅಲ್ಲೇ ಒಪ್ಪಿದರು. ಮದುವೆಯ ಹೊತ್ತಿಗೆ ಬಂಗಾರವೆಲ್ಲ ಇಳಿದುಹೋಗಿತ್ತು. ಆ ತಾಯಿ ಹೊಸ ಸೊಸೆಯನ್ನು ಬೆಳಕಿಗೆ ಕರೆದು ನೋಡಿದರಂತೆ. "ಗಾಡಿ ಪ್ರಯಾಣದ ದಣಿವು" ಎಂದಳಂತೆ ಇವಳು.

ತನ್ನ ಬಣ್ಣ ನೋಡಿಯೇ ಒಪ್ಪಿದ್ದೆಂದು ಸಣ್ಣಜ್ಜಿ ಇವತ್ತಿಗೂ ಜಂಭ ಕೊಚ್ಚುತ್ತಾಳೆ. ಇದನ್ನೆಲ್ಲ ಬರೆದ ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಅವಳು ನಮ್ಮ ಮನೆಗೆ ಬಂದ ದಿನ ಅಕ್ಕಿ ಡಬ್ಬಿಯ ತಳದಲ್ಲಿಡಿ.